ಭಂಗಿಯ ಮದ್ದು ಮತ್ತು ಅದಕ್ಕೆ ಅರ್ಹನಾದ ರೋಗಿ

೧

ಭಂಗಿ, ಗಾಂಜಾ, ಚರಸು ಎಂಬ ಮೂರು ವಸ್ತುಗಳೂ ಒಂದೇ ಗಿಡದಿಂದ ಹುಟ್ಟತಕ್ಕವು. ಎಲೆಯನ್ನು ಭಂಗಿಯೆಂದೂ, ಹೆಣ್ಣುಗಿಡದ ಹೂಗೊಂಚಲನ್ನು ಗಾಂಜಾ ಎಂದೂ, ಅದರ ಮೇಲೆ ಒಸರುವ ಅಂಟನ್ನು ಚರಸೆಂದೂ ಕರೆಯುವುದು ವಾಡಿಕೆ. ನಮ್ಮ ಸೀಮೆಯ ಆಡುಮಾತಿನಲ್ಲಿ ಭಂಗಿಯೆಂಬ ಹೆಸರು ಇಡೀ ಗಿಡಕ್ಕೂ ಸಲ್ಲುವುದುಂಟು. ಈ ಗಿಡವನ್ನು ಕುರಿತು ವೃತ್ತಪತ್ರಿಕೆಗಳಲ್ಲಿ ಬರುವ ಸಮಾಚಾರವೆಲ್ಲವೂ ಬಹುಮಟ್ಟಿಗೆ ಪೊಲೀಸರಿಗೆ ಸಂಬಂಧಿಸಿದುದು. ಇಷ್ಟು ಸೇರು ಹಿಡಿದರು, ಇಂತಿಷ್ಟು ಜನರನ್ನು ಸೆರೆಗೆ ಹಾಕಿದರು ಎಂಬುದರಾಚೆಗೆ ಅದರ ಸುದ್ದಿ ನಮಗೆ ತಲಪುವುದಿಲ್ಲ. ಆದರೆ ಇದೇ ಗಿಡವು ನಮ್ಮ ವೈದ್ಯಗ್ರಂಥಗಳಲ್ಲಿ ವಿಜಯಾ ಎಂಬ ಗೌರವದ ಹೆಸರಿನಿಂದ ಔಷಧಗಳ ಸಾಲಿನಲ್ಲಿ ಕುಳಿತಿರುವುದೆಂಬುದನ್ನೂ, ಇಂದು ಲೋಕದ ಅನೇಕ ದೇಶಗಳಲ್ಲಿ ಅದನ್ನು ಯಾವ ಯಾವ ರೋಗಿಗಳಿಗೆ ಕೊಡಬಹುದೆಂಬ ಪಟ್ಟಿಯು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವುದೆಂಬುದನ್ನೂ ಬಲ್ಲವರು ಕಡಮೆ.

ಈ ಔಷಧವು ಒಳ್ಳೆಯದೋ ಕೆಟ್ಟುದೋ ಎಂಬ ವಾದವನ್ನು ಇಲ್ಲಿ ಮುಖ್ಯವಾಗಿ ಎತ್ತಿಕೊಂಡಿಲ್ಲ. ಅದಕ್ಕೆ ಅರ್ಹನಾದ ರೋಗಿ ಯಾರು, ಆ ಅರ್ಹತೆಯನ್ನು ಗೊತ್ತುಮಾಡತಕ್ಕವರು ಯಾರು ಎಂಬ ಪ್ರಶ್ನೆಯು ನಮ್ಮ ದೇಶದ ಚರಿತ್ರೆಯಲ್ಲಿ ಹೇಗೆ ನಡೆದುಬಂದಿತೆಂಬುದೇ ಈ ಲೇಖನದ ವಿಷಯ. ಕೋಲಾರದ ಚಿನ್ನದ ಗಣಿಗಳ ಸೀಮೆಯವರಾದ ನಮಗೆ ಈ ಪ್ರಶ್ನೆಯು ಹೊಸದಲ್ಲ. ಬೇರೊಂದು ಕಾಯಿಲೆಯ ಸಂಬಂಧದಲ್ಲಿ ಇದೇ ಪ್ರಶ್ನೆಯು ನಮ್ಮ ಊರಿನಲ್ಲಿಯೇ ಹುಟ್ಟಿ, ಅನೇಕ ವರ್ಷಗಳ ಮೇಲೆ ಅದಕ್ಕೊಂದು ಉತ್ತರವೂ ದೊರೆಯಿತು. ಆ ಉತ್ತರದಿಂದ ಈ ವಿಷಯಕ್ಕೂ ಬೆಳಕು ಬೀಳುವುದೆಂಬುದು ನಮ್ಮ ಅಭಿಪ್ರಾಯ.

೨

ಹದಿಮೂರು ಹದಿನಾಲ್ಕನೆಯ ಶತಮಾನದ ಸುಮಾರಿನದೆಂದು ಎಣಿಸುವ ಶಾರ್ಙ್ಗಧರ ಸಂಹಿತೆಯಲ್ಲಿ ಭಂಗವನ್ನು ವ್ಯವಾಯಿ ದ್ರವ್ಯಕ್ಕೆ ದೃಷ್ಟಾಂತವಾಗಿ ಹೇಳಿದೆ. ಜೀರ್ಣವಾಗುವುದಕ್ಕೆ ಮೊದಲೇ ಮೈಯೆಲ್ಲ ಹಬ್ಬಿ ಆಮೇಲೆ ಪಾಕವಾಗುವ ವಸ್ತುವೇ ವ್ಯವಾಯಿ. ಅಫೀಮನ್ನೂ ಆಚಾರ್ಯನು ಇದೇ ಗುಂಪಿಗೆ ಸೇರಿಸಿರುವನು. ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿಯೂ ಇದರ ಗುಣದೋಷಗಳ ವಿವರಣೆಯುಂಟು. ಗ್ರಹಣಿ ಅತಿಸಾರಗಳಲ್ಲಿ ಕೊಡುವ ಜಾತೀಫಲಾದಿ ಚೂರ್ಣದಲ್ಲಿ ಭಂಗಿಯ ಎಲೆಯು ಸೇರುವುದು. ಹಸಿವು ಹುಟ್ಟಿಸುವುದು, ನೋವನ್ನು ತಗ್ಗಿಸುವುದು, ನಿದ್ರೆ ತರುವುದು ಇವು ಪ್ರಾಚೀನರು ಕಂಡ ಗುಣಗಳು. ಮದವನ್ನುಂಟುಮಾಡುವುದೆಂಬ ದೋಷವನ್ನೂ ಅವರು ಮರೆಮಾಚಲಿಲ್ಲ. ಎಲೆಯನ್ನು ಶೋಧಿಸಿಯೇ ಬಳಸಬೇಕೆಂಬುದು ವೈದ್ಯರ ಸಂಪ್ರದಾಯ.

ಇಲ್ಲಿ ಗಮನಿಸಬೇಕಾದ ಒಂದು ಅಂಶವುಂಟು. ಆಗಿನ ಪದ್ಧತಿಯಲ್ಲಿ ಅರ್ಹತೆಯನ್ನು ಗೊತ್ತುಮಾಡತಕ್ಕವನು ವೈದ್ಯನು. ರೋಗಿಯ ಪ್ರಕೃತಿ, ವಯಸ್ಸು, ದೇಶ, ಕಾಲಗಳನ್ನು ನೋಡಿ ಅವನು ಮಾತ್ರೆಯನ್ನು ನಿರ್ಣಯಿಸುತ್ತಿದ್ದನು. ಅರಸನಿಗೆ ಈ ಗಿಡದಿಂದ ಸುಂಕ ಬರುತ್ತಿದ್ದಿರಬಹುದು. ಆದರೆ ಇಂಥ ರೋಗಿಗೆ ಕೊಡು, ಇಂಥವನಿಗೆ ಕೊಡಬೇಡ ಎಂಬ ಮಾತು ಅರಮನೆಯಿಂದ ಬರುವ ಪದ್ಧತಿ ಇರಲಿಲ್ಲ.

ಪಾಶ್ಚಾತ್ಯ ವೈದ್ಯಕ್ಕೆ ಈ ಗಿಡದ ಪರಿಚಯವನ್ನು ಸರಿಯಾಗಿ ಮಾಡಿಕೊಟ್ಟವನು ವಿಲಿಯಂ ಬ್ರೂಕ್ ಓಷಾನೆಸ್ಸಿ. ಈತನು ಕಲ್ಕತ್ತೆಯ ವೈದ್ಯ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದನು. ಮುಂದೆ ಭಾರತದಲ್ಲಿ ತಂತಿಯ ವ್ಯವಸ್ಥೆಯನ್ನು ಕಟ್ಟಿದವನೂ ಈತನೇ. ೧೮೩೯ರಲ್ಲಿ ಈತನು ಪ್ರಕಟಿಸಿದ ಪ್ರಬಂಧದಲ್ಲಿ ಮೊದಲು ಪ್ರಾಣಿಗಳ ಮೇಲೆ ಮಾಡಿದ ಪರೀಕ್ಷೆಗಳನ್ನೂ, ಅನಂತರ ಸಂಧಿವಾತ, ಧನುರ್ವಾಯು, ಕಾಲರಾ, ಎಳೆಯ ಮಕ್ಕಳ ಸೆಳವು ಇವುಗಳಲ್ಲಿ ಕೊಟ್ಟು ನೋಡಿದ ಫಲವನ್ನೂ ವಿವರಿಸಿರುವನು. ಧನುರ್ವಾಯುವನ್ನು ಈ ಮದ್ದು ಗುಣಪಡಿಸುವುದೆಂದು ನಂಬುವುದಕ್ಕಿಂತ, ಆ ಭಯಂಕರ ಸೆಳವಿನ ಯಾತನೆಯನ್ನು ಇಳಿಸುವುದೆಂದು ತಿಳಿಯುವುದೇ ಯುಕ್ತ. ಆತನ ಪ್ರಯತ್ನದಿಂದ ಭಂಗಿಯ ಸಾರವು ಇಂಗ್ಲೆಂಡಿನ ಔಷಧದ ಅಂಗಡಿಗಳನ್ನು ಹೊಕ್ಕು, ಅಲ್ಲಿನ ಅಧಿಕೃತ ಔಷಧಕೋಶದಲ್ಲಿ ೧೯೩೨ರ ಆವೃತ್ತಿಯವರೆಗೂ ಸ್ಥಾನವನ್ನು ಪಡೆದಿತ್ತು. ಸಾರದ ಬಲವು ಒಂದು ಸೀಸೆಯಿಂದ ಇನ್ನೊಂದು ಸೀಸೆಗೆ ಬೇರೆಯಾಗುತ್ತಿದ್ದುದೂ, ಸೂಜಿಯ ಮೂಲಕ ಕೊಡಬಹುದಾದ ಬೇರೆ ಮದ್ದುಗಳು ಬಂದುದೂ ಅದು ಹಿಂದೆ ಬೀಳಲು ಮುಖ್ಯ ಕಾರಣಗಳು.

೩

೧೮೯೩ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯ ಮೇರೆಗೆ ಭಾರತ ಸರ್ಕಾರದವರು ಭಂಗಿಯ ಮಾದಕಗಳ ವಿಚಾರಣಾ ಆಯೋಗವನ್ನು ನೇಮಿಸಿದರು. ಮ್ಯಾಕ್‌ವರ್ತ್ ಯಂಗ್ ಎಂಬವರು ಅದರ ಅಧ್ಯಕ್ಷರು. ಸದಸ್ಯರಲ್ಲಿ ಮೂವರು ಭಾರತೀಯರಿದ್ದರು. ಆಯೋಗದವರು ೧೧೯೩ ಮಂದಿಯ ಸಾಕ್ಷ್ಯವನ್ನು ಪಡೆದು, ಅನೇಕ ಸಂಪುಟಗಳ ವರದಿಯನ್ನು ಸಿದ್ಧಪಡಿಸಿದರು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದ ಬಳಕೆಯಿಂದ ಕೇಡುಂಟು, ಪೂರ್ತಿಯಾಗಿ ನಿಷೇಧಿಸುವುದು ಅವಶ್ಯವೂ ಅಲ್ಲ ಉಚಿತವೂ ಅಲ್ಲ ಎಂಬುದು ಅವರ ನಿರ್ಣಯದ ಸಾರಾಂಶ.

ಈ ಆಯೋಗದವರು ಮಾಡಿದ ಒಂದು ಕೆಲಸವು ನಮ್ಮ ಪ್ರಕೃತ ವಿಷಯಕ್ಕೆ ಬಹು ಹತ್ತಿರವಾದುದು. ಗಾಂಜಾ ಸೇದುವವರಿಗೆ ಹುಚ್ಚು ಹಿಡಿಯುವುದೆಂಬ ನಂಬಿಕೆಗೆ ಹುಚ್ಚರ ಆಸ್ಪತ್ರೆಗಳ ದಾಖಲೆಯೇ ಆಧಾರವೆಂದು ಹೇಳುತ್ತಿದ್ದರು. ಆಯೋಗದವರು ಆ ದಾಖಲೆಗಳನ್ನು ತರಿಸಿ ಒಂದೊಂದಾಗಿ ವಿಚಾರಿಸಿದರು. ಹುಚ್ಚಿಗೆ ಕಾರಣವೇನೆಂಬ ಅಂಕಣವನ್ನು ಅನೇಕ ವೇಳೆ ತುಂಬಿದವರು ವೈದ್ಯರಲ್ಲ. ಬೀದಿಯಲ್ಲಿ ಅಲೆಯುವವನನ್ನು ಹಿಡಿದು ತಂದ ಪೊಲೀಸಿನವರು. ಅಂಕಣವನ್ನು ಖಾಲಿ ಬಿಡುವುದು ಸರಿಯಲ್ಲವೆಂದು ಅವರು ಗಾಂಜಾ ಎಂದು ಬರೆಯುತ್ತಿದ್ದರು. ಆಸ್ಪತ್ರೆಯಲ್ಲಿ ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದರು. ಹೀಗೆ ಬರೆದುದರಲ್ಲಿ ಬಹುಭಾಗವು ವಿಚಾರಣೆಗೆ ನಿಲ್ಲಲಿಲ್ಲ. ಎಂದರೆ ಯಾರು ರೋಗಿ, ಅವನ ರೋಗವೇನು ಎಂಬುದನ್ನು ವೈದ್ಯನ ಕೈಯಿಂದ ತಪ್ಪಿಸಿ ಠಾಣೆಯ ಗುಮಾಸ್ತನಿಗೆ ಒಪ್ಪಿಸಿದರೆ ಏನಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ವೈದ್ಯರೂ ಹಕೀಮರೂ ಈ ಗಿಡವನ್ನು ನಾನಾ ರೋಗಗಳಿಗೆ ಬಳಸುವರೆಂಬುದಕ್ಕೆ ಆಯೋಗದ ಮುಂದೆ ಹೇರಳವಾದ ಸಾಕ್ಷ್ಯವು ಬಂದಿತು. ಕಷ್ಟವಾದ ದುಡಿಮೆಯ ಆಯಾಸವನ್ನು ಕಳೆಯಲೆಂದು ಸೇವಿಸುವವರ ವಿಚಾರವೂ ಬಂದಿತು. ಔಷಧವೆಂದು ಸೇವಿಸುವುದು ಯಾವುದು, ಚಟಕ್ಕಾಗಿ ಸೇವಿಸುವುದು ಯಾವುದು ಎಂಬ ಗೆರೆಯನ್ನು ಎಳೆಯುವುದು ಅಂದೂ ಸುಲಭವಾಗಿರಲಿಲ್ಲ. ಆಯೋಗದವರು ತೆರಿಗೆ ಮತ್ತು ಪರವಾನಗಿಗಳಿಂದ ಬಳಕೆಯನ್ನು ಮಿತಗೊಳಿಸಬಹುದೆಂದು ಹೇಳಿ ಆ ಗೆರೆಯ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟರು.

೪

ಆ ಗೆರೆಯನ್ನು ಎಳೆಯುವ ಯತ್ನವು ಇಪ್ಪತ್ತನೆಯ ಶತಮಾನದಲ್ಲಿ ಪರದೇಶಗಳ ಸಭೆಗಳಲ್ಲಿ ನಡೆಯಿತು. ೧೯೨೫ರ ಜಿನೀವಾ ಒಪ್ಪಂದದಲ್ಲಿ ಈಜಿಪ್ಟಿನ ಪ್ರತಿನಿಧಿಯ ಒತ್ತಾಯದಿಂದ ಭಂಗಿಯ ಗಿಡವನ್ನು ಸೇರಿಸಿದರು. ೧೯೬೧ರ ವಿಶ್ವಸಂಸ್ಥೆಯ ಒಪ್ಪಂದವು ಇನ್ನೂ ಕಠಿನವಾದುದು. ಆದರೂ ಭಾರತದ ಪ್ರತಿನಿಧಿಗಳು ನಮ್ಮ ದೇಶದ ಆಚಾರವನ್ನು ನೆನಪಿಗೆ ತಂದುದರಿಂದ ಬರಿಯ ಎಲೆಯು ಆ ಒಪ್ಪಂದದ ಗಾಂಜಾ ಎಂಬ ಮಾತಿನೊಳಗೆ ಸೇರಲಿಲ್ಲ; ವೈದ್ಯಕ್ಕಲ್ಲದ ಬಳಕೆಯನ್ನು ನಿಲ್ಲಿಸುವುದಕ್ಕೆ ಇಪ್ಪತ್ತೈದು ವರ್ಷಗಳ ಅವಧಿಯೂ ದೊರೆಯಿತು.

ಇದೇ ಕಾಲದಲ್ಲಿ ಅಫೀಮಿನ ವಿಷಯದಲ್ಲಿ ನಡೆದುದನ್ನು ಇಲ್ಲಿ ಹೇಳಬೇಕು. ೧೯೪೯ರಲ್ಲಿ ಸೇರಿದ ಅಖಿಲ ಭಾರತ ಅಫೀಮು ಸಮ್ಮೇಳನದಲ್ಲಿ, ಹತ್ತು ವರ್ಷಗಳೊಳಗೆ ಔಷಧಕ್ಕಲ್ಲದ ಅಫೀಮಿನ ಮಾರಾಟವನ್ನು ನಿಲ್ಲಿಸತಕ್ಕುದೆಂದು ಗೊತ್ತಾಯಿತು. ೧೯೫೯ರ ಮಾರ್ಚ್ ಕೊನೆಗೆ ಆ ಅವಧಿಯು ಮುಗಿಯಿತು. ಅಲ್ಲಿಂದ ಮುಂದೆ ಅದನ್ನು ಬಿಡಲಾರದವರು ವೈದ್ಯರ ಪ್ರಮಾಣಪತ್ರವನ್ನು ತಂದು, ಹೆಸರನ್ನು ದಾಖಲೆ ಮಾಡಿಸಿ, ರಹದಾರಿಯನ್ನು ಪಡೆದು ಗೊತ್ತಾದ ಪ್ರಮಾಣವನ್ನು ಕೊಳ್ಳಬೇಕಾಯಿತು. ಮಾದಕವೆನಿಸಿದ ಮದ್ದಿಗೆ ಅರ್ಹನಾದ ರೋಗಿಯೆಂಬ ಒಂದು ವರ್ಗವು ನಮ್ಮ ಆಡಳಿತದಲ್ಲಿ ಹೀಗೆ ಹುಟ್ಟಿಕೊಂಡಿತು. ಭಂಗಿಗೆ ಸಂಬಂಧಿಸಿದಂತೆ ಇಂಥ ವರ್ಗವು ಹುಟ್ಟಲೇ ಇಲ್ಲ.

೧೯೮೫ರಲ್ಲಿ ಪಾರ್ಲಿಮೆಂಟಿನವರು ಮಾದಕದ್ರವ್ಯಗಳ ಕಾನೂನನ್ನು ಮಾಡಿದರು. ಆ ವರ್ಷದ ನವೆಂಬರ್ ೧೪ರಿಂದ ಅದು ಜಾರಿಗೆ ಬಂದಿತು. ಈ ಕಾನೂನಿನಲ್ಲಿ ಗಾಂಜಾ ಎಂದರೆ ಹೂ ಅಥವಾ ಕಾಯಿಬಿಟ್ಟ ತುದಿಗಳು. ತುದಿಯೊಡನೆ ಕೂಡಿರದ ಎಲೆಗೂ ಬೀಜಕ್ಕೂ ಆ ಹೆಸರು ಸಲ್ಲದು. ಎಂಟನೆಯ ಪ್ರಕರಣದಲ್ಲಿ ಎಲ್ಲವನ್ನೂ ನಿಷೇಧಿಸುವಾಗಲೇ, ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶಕ್ಕಾಗಿ ಗೊತ್ತುಪಡಿಸಿದ ರೀತಿಯಲ್ಲಿ ನಡೆಯುವುದನ್ನು ಬಿಟ್ಟು ಎಂಬ ಮಾತನ್ನು ಸೇರಿಸಿದೆ. ಹತ್ತನೆಯ ಪ್ರಕರಣದಲ್ಲಿ ಚರಸನ್ನು ಹೊರತುಪಡಿಸಿ, ಗಿಡದ ಬೇಸಾಯ, ಗಾಂಜಾದ ತಯಾರಿಕೆ, ಸಾಗಣೆ, ಮಾರಾಟ, ಸೇವನೆ ಇವುಗಳನ್ನು ಅನುಮತಿಸುವ ಮತ್ತು ನಿಯಂತ್ರಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿದೆ. ಎಂದರೆ ಬಾಗಿಲು ಮುಚ್ಚಿದ್ದರೂ ಬೀಗದ ಕೈ ರಾಜ್ಯದವರ ಹತ್ತಿರವೇ ಇರುವುದು.

ವಾಚಕರು ಈ ಕಾನೂನಿನ ಸ್ವಭಾವವನ್ನು ಚೆನ್ನಾಗಿ ಗಮನಿಸಬೇಕು. ಅದು ಗಿಡವನ್ನು ಎಲೆ, ಬೀಜ, ಹೂ, ಅಂಟು ಎಂದು ಸೂಕ್ಷ್ಮವಾಗಿ ವಿಂಗಡಿಸಿದೆ. ಹಿಡಿದ ಮಾಲನ್ನು ಒಂದು ಕಿಲೋ, ಇಪ್ಪತ್ತು ಕಿಲೋ ಎಂದು ತೂಗಿ ಶಿಕ್ಷೆಯನ್ನು ಅಳೆಯುವ ಕ್ರಮವೂ ಬಂದಿದೆ. ಆದರೆ ಭಂಗಿಯ ಮದ್ದು ಯಾವ ರೋಗಿಗೆ ಬೇಕಾಗುವುದೆಂಬ ವಿಂಗಡಣೆಯು ಅದರಲ್ಲಿ ಇಲ್ಲ.

೫

ಕಾನೂನಿನ ಕಣ್ಣಿಗೆ ಕಾಣದಿದ್ದ ರೋಗಿಯು ಹೇಗೆ ಕಾಣಿಸಿಕೊಂಡಾನು? ಇದಕ್ಕೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ಭಂಗಿಯ ವಿಚಾರವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ನಮ್ಮ ಗಣಿಗಳ ಕಡೆಗೆ ತಿರುಗೋಣ.

೧೮೮೦ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿಯವರು ಇಲ್ಲಿನ ಗಣಿಗಳ ಆಡಳಿತವನ್ನು ವಹಿಸಿಕೊಂಡರು. ಮೈಸೂರಿನ ಕಮಿಷನರಾಗಿದ್ದ ಬೌರಿಂಗರ ಹೆಸರನ್ನು ಹೊತ್ತು ಆಗ ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ೧೮೯೪ರ ಹೊತ್ತಿಗೆ ರೈಲುದಾರಿಯಾಯಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ತೊಂಬತ್ತು ಮೈಲಿಗಳಿಗೂ ಮೀರಿದ ದೂರದಿಂದ ಗಣಿಗಳಿಗೆ ಬಂದಿತು. ಚಾಂಪಿಯನ್ ರೀಫಿನ ಗಣಿಯು ಕಾಲಕ್ರಮದಲ್ಲಿ ಹತ್ತು ಸಾವಿರ ಅಡಿಗಳನ್ನೂ ಮೀರಿ ಕೆಳಗಿಳಿಯಿತು. ಈ ಸಂಗತಿಗಳನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವೆವು, ಹೇಳಿಕೊಳ್ಳತಕ್ಕುದೂ ಹೌದು. ಆದರೆ ಚಿನ್ನವಿದ್ದುದು ಬೆಣಚುಕಲ್ಲಿನಲ್ಲಿ. ಆ ಕಲ್ಲನ್ನು ಕೊರೆಯುವಾಗಲೂ ಸಿಡಿಸುವಾಗಲೂ ಏಳುವ ಕಣ್ಣಿಗೆ ಕಾಣದಷ್ಟು ನುಣುಪಾದ ಧೂಳು ಉಸಿರಿನೊಡನೆ ಪುಪ್ಪುಸವನ್ನು ಹೊಕ್ಕು ಅಲ್ಲಿಯೇ ನಿಲ್ಲುವುದು. ಅದನ್ನು ಸುತ್ತುಗಟ್ಟಲು ಶರೀರವು ನಡೆಸುವ ಪ್ರಯತ್ನದಿಂದ ಮೃದುವಾದ ಪುಪ್ಪುಸದಲ್ಲಿ ಗಟ್ಟಿಯಾದ ಗಂಟುಗಳು ಬೆಳೆಯುವುವು. ಇದೇ ಸಿಲಿಕೋಸಿಸ್ ಎಂಬ ರೋಗ. ಒಮ್ಮೆ ಹಿಡಿದರೆ ಇದಕ್ಕೆ ಪರಿಹಾರವಿಲ್ಲ. ಧೂಳನ್ನು ಬಿಟ್ಟು ಬಂದ ಮೇಲೆಯೂ ಅನೇಕರಲ್ಲಿ ಇದು ಮುಂದುವರಿಯುವುದು. ಕ್ಷಯವು ಇದರ ಬೆನ್ನು ಹತ್ತಿ ಬರುವುದು.

ಬಹು ಕಾಲದವರೆಗೆ ಈ ರೋಗಿಯು ಕಾನೂನಿಗೆ ಕಾಣಿಸಿರಲಿಲ್ಲ. ಕೆಮ್ಮಿದರೆ ಶ್ವಾಸನಾಳದ ಉರಿ, ಸೊರಗಿದರೆ ಕ್ಷಯ ಎಂದು ಹೆಸರಿಡುವುದು ಸುಲಭವಾಗಿತ್ತು. ಅವು ಬಡತನದಿಂದಲೂ ಇಕ್ಕಟ್ಟಾದ ಮನೆಗಳಿಂದಲೂ ಬರತಕ್ಕ ಕಾಯಿಲೆಗಳು. ಕೆಲಸದಿಂದ ಬಂದುವೆಂದು ತೋರಿಸುವುದು ಹೇಗೆ? ಬ್ರಿಟಿಷ್ ಇಂಡಿಯಾದಲ್ಲಿ ೧೯೨೩ರಲ್ಲಿ ಕಾರ್ಮಿಕರ ಪರಿಹಾರದ ಕಾನೂನಾದಾಗ ಅದರ ರೋಗಗಳ ಪಟ್ಟಿಯಲ್ಲಿದ್ದುವು ಸೀಸದ ವಿಷ, ರಂಜಕದ ವಿಷ, ನೆರಡಿಯೆಂಬ ಪಶುರೋಗ ಇವು ಮಾತ್ರ. ಕೈ ಮುರಿದವನು ಎದುರಿಗೆ ಬಂದು ನಿಂತರೆ ಅವನ ನಷ್ಟವನ್ನು ಯಾರೂ ಅಲ್ಲಗಳೆಯಲಾರರು. ಉಸಿರು ಕುಗ್ಗಿದವನು ತನ್ನ ನಷ್ಟವನ್ನು ಯಾವುದರಿಂದ ತೋರಿಸಬೇಕು?

ಈ ರೋಗವು ಭಾರತದಲ್ಲಿ ಮೊದಲು ವರದಿಯಾದುದು ೧೯೩೪ರಲ್ಲಿ; ವರದಿಯಾದ ಸ್ಥಳವು ನಮ್ಮ ಕೋಲಾರದ ಚಿನ್ನದ ಗಣಿ. ಅನಂತರ ೧೯೪೦ರಿಂದ ೧೯೪೬ರವರೆಗೆ ೭೬೫೩ ಕೆಲಸಗಾರರನ್ನು ಪರೀಕ್ಷಿಸಿದಾಗ ೩೪೦೨ ಮಂದಿಗೆ ಸಿಲಿಕೋಸಿಸ್ ಇದ್ದುದು ಕಂಡುಬಂದಿತು. ಪರೀಕ್ಷೆಗೆ ಒಳಗಾದವರಲ್ಲಿ ನೂರಕ್ಕೆ ನಲವತ್ತನಾಲ್ಕರಷ್ಟು ಜನರು ಎಂದ ಹಾಗಾಯಿತು. ಅದೇ ದಶಕದಲ್ಲಿ ಮೈಸೂರು ಸಂಸ್ಥಾನದ ನಿಯಮಗಳಲ್ಲಿ ಈ ರೋಗವು ಪರಿಹಾರಕ್ಕೆ ಅರ್ಹವಾದ ಕಾಯಿಲೆಯಾಯಿತು. ಸ್ವಾತಂತ್ರ್ಯಾನಂತರ ೧೯೪೮ರ ಕಾರ್ಖಾನೆಗಳ ಕಾನೂನಿನಲ್ಲಿಯೂ, ೧೯೫೨ರ ಗಣಿಗಳ ಕಾನೂನಿನ ಕೆಳಗೂ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಾಯಿತು.

ಈ ಚರಿತ್ರೆಯಲ್ಲಿ ಎರಡು ಪಾಠಗಳಿವೆ. ಅರ್ಹತೆಯು ಅನುಕಂಪದಿಂದ ಮಾತ್ರ ವಿಸ್ತಾರವಾಗಲಿಲ್ಲ. ಎದೆಯ ಚಿತ್ರವನ್ನು ತೆಗೆದು, ಎಷ್ಟು ಜನರೆಂದು ಎಣಿಸಿ, ದಾಖಲೆಯ ಅಂಕಣದಲ್ಲಿ ಸರಿಯಾದ ಹೆಸರನ್ನು ಬರೆದ ಮೇಲೆ ವಿಸ್ತಾರವಾಯಿತು. ಇದು ಮೊದಲನೆಯದು. ಎರಡನೆಯದು, ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಕಾರ್ಯವು ಮುಗಿಯಲಿಲ್ಲ. ಗಣಿಗಳು ೧೯೫೬ರಲ್ಲಿ ಮೈಸೂರು ಸರ್ಕಾರಕ್ಕೂ, ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿ, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿಹೋದುವು. ರೋಗವು ಮಾತ್ರ ಅಂದಿಗೆ ಮುಚ್ಚಲಿಲ್ಲ. ಕೆಲಸವನ್ನು ಬಿಟ್ಟು ವರ್ಷಗಳಾದ ಮೇಲೆ ಉಸಿರು ಕುಗ್ಗಿದವನು ತಾನು ಅರ್ಹನೆಂದು ತೋರಿಸಲು ಹಳೆಯ ಕಾಗದಗಳನ್ನು ಎಲ್ಲಿಂದ ತರಬೇಕು?

೬

ಈಗ ಮತ್ತೆ ಮಾದಕವೆನಿಸಿದ ಮದ್ದಿನ ವಿಷಯಕ್ಕೆ ಬರೋಣ. ಇಂಥ ಉಸಿರಾಟದ ಕಷ್ಟದಲ್ಲಿಯೂ, ಅರ್ಬುದದ ಕೊನೆಯ ನೋವಿನಲ್ಲಿಯೂ ಬೇರೆ ಉಪಾಯಗಳು ಸೋತಾಗ ವೈದ್ಯರು ಬಾಯಿಯ ಮೂಲಕ ಸ್ವಲ್ಪ ಸ್ವಲ್ಪವಾಗಿ ಕೊಡುವ ಮದ್ದು ಮಾರ್ಫಿನ್. ಇದು ಅಫೀಮಿನ ಸಾರ. ಔಷಧಕ್ಕಾಗಿ ಅಫೀಮನ್ನು ಬೆಳೆದು ಕೊಡುವ ದೇಶಗಳಲ್ಲಿ ಭಾರತವು ಅಗ್ರಗಣ್ಯವಾದುದು. ಗಾಜೀಪುರ ಮತ್ತು ನೀಮಚಗಳಲ್ಲಿ ಸರ್ಕಾರದ ಕಾರ್ಖಾನೆಗಳಿವೆ. ಹೀಗಿದ್ದರೂ ೧೯೮೫ರ ಕಾನೂನು ಬಂದ ಮೇಲೆ ನಮ್ಮ ಆಸ್ಪತ್ರೆಗಳಲ್ಲಿ ಮಾರ್ಫಿನ್ನಿನ ಬಳಕೆಯು ಬಹಳ ಮಟ್ಟಿಗೆ ಬಿದ್ದುಹೋಯಿತು. ಕಾನೂನು ರೋಗಿಗೆ ಅದನ್ನು ನಿಷೇಧಿಸಿರಲಿಲ್ಲ. ಆದರೆ ಒಂದೊಂದು ಸೀಸೆಗೂ ಬೇರೆ ಬೇರೆ ಇಲಾಖೆಗಳ ಪರವಾನಗಿಗಳು ಬೇಕಾಗಿದ್ದುವು. ಅವೆಲ್ಲವೂ ಏಕಕಾಲದಲ್ಲಿ ಊರ್ಜಿತವಾಗಿರಬೇಕಾಗಿತ್ತು. ಲೆಕ್ಕದಲ್ಲಿ ತಪ್ಪಾದರೆ ವರ್ಷಗಟ್ಟಲೆ ಸೆರೆವಾಸದ ಭಯವಿತ್ತು. ಔಷಧದ ಅಂಗಡಿಯವರು ಅದನ್ನು ಇಡುವುದನ್ನು ಬಿಟ್ಟರು. ಒಂದು ತಲೆಮಾರಿನ ವೈದ್ಯರು ಅದನ್ನು ಕೊಡುವ ಕ್ರಮವನ್ನೇ ಕಲಿಯದೆ ಹೋದರು.

ಇದನ್ನು ಸರಿಪಡಿಸಲು ಕೇರಳದ ಡಾಕ್ಟರ್ ಎಂ. ಆರ್. ರಾಜಗೋಪಾಲರೇ ಮೊದಲಾದ ವೈದ್ಯರು ಅನೇಕ ವರ್ಷ ಶ್ರಮಿಸಿದರು. ೨೦೧೪ರಲ್ಲಿ ಪಾರ್ಲಿಮೆಂಟಿನವರು ಕಾನೂನನ್ನು ತಿದ್ದಿ, ಮಾರ್ಫಿನ್ ಮೊದಲಾದ ಕೆಲವನ್ನು ಅತ್ಯಾವಶ್ಯಕ ಮಾದಕ ಔಷಧಗಳೆಂದು ಬೇರ್ಪಡಿಸಿ, ಇಡೀ ದೇಶಕ್ಕೆ ಒಂದೇ ಬಗೆಯ ನಿಯಮಗಳನ್ನೂ, ಅಂಗೀಕೃತ ವೈದ್ಯಸಂಸ್ಥೆಗಳಿಗೆ ಒಂದೇ ಪರವಾನಗಿಯನ್ನೂ ಏರ್ಪಡಿಸಲು ಅವಕಾಶ ಮಾಡಿದರು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕಿದ್ವಾಯಿ ಅರ್ಬುದ ಸಂಸ್ಥೆ, ೧೯೯೯ರಲ್ಲಿ ರೋಗಿಗಳಿಗೆ ಬಾಗಿಲು ತೆರೆದ ಕರುಣಾಶ್ರಯ ಮೊದಲಾದೆಡೆಗಳಲ್ಲಿ ನೋವಿನ ಶಮನಕ್ಕೆಂದೇ ಏರ್ಪಾಡುಗಳುಂಟು. ಆದರೆ ಕಾಗದದ ಮೇಲಿನ ಅರ್ಹತೆಯು ಬೇರೆ, ಕೈಗೆ ಬಂದ ಮದ್ದು ಬೇರೆ. ಬಂಗಾರಪೇಟೆಯಿಂದ ರಾಜಧಾನಿಗೆ ಎಪ್ಪತ್ತು ಕಿಲೋಮೀಟರುಗಳ ಪ್ರಯಾಣ. ಗಣಿಗಳು ಮುಚ್ಚಿದ ಮೇಲೆ ನಮ್ಮ ಸೀಮೆಯ ಸಾವಿರಾರು ಜನರು ದಿನಂಪ್ರತಿ ರೈಲು ಹಿಡಿದು ದುಡಿಯಲು ಹೋಗಿಬರುವ ದಾರಿಯೇ ಅದು. ಆರೋಗ್ಯವಂತನಿಗೆ ಅದು ದಿನದ ಮಾತು. ಎರಡು ಹೆಜ್ಜೆಗೆ ಒಮ್ಮೆ ನಿಂತು ಉಸಿರೆಳೆಯುವವನಿಗೆ ಅದೇ ಪರದೇಶ.

೭

ಇನ್ನು ಭಂಗಿಯ ಮದ್ದಿಗೆ ಅರ್ಹರಾದ ರೋಗಿಗಳನ್ನು ಹೊರದೇಶದವರು ಹೇಗೆ ಗೊತ್ತುಮಾಡಿರುವರೆಂಬುದನ್ನು ನೋಡೋಣ. ಅಮೆರಿಕದ ರಾಜ್ಯಗಳಲ್ಲಿ ಮೊದಲು ೧೯೯೬ರಲ್ಲಿ ಕ್ಯಾಲಿಫೋರ್ನಿಯದ ಜನರು ಮತ ಹಾಕಿ ವೈದ್ಯಕೀಯ ಬಳಕೆಯನ್ನು ಒಪ್ಪಿದರು. ಟೆಕ್ಸಾಸ್ ರಾಜ್ಯದವರು ಹೆಚ್ಚು ಅಂಜಿಕೆಯಿಂದ ಹೆಜ್ಜೆಯಿಟ್ಟವರು; ಅವರ ಕ್ರಮವು ನಮಗೆ ಹೆಚ್ಚು ಬೋಧಪ್ರದವಾದುದು. ೨೦೧೫ರಲ್ಲಿ ಅವರು ಬೇರೆ ಮದ್ದಿಗೆ ಬಗ್ಗದ ಅಪಸ್ಮಾರದ ರೋಗಿಗಳಿಗೆ ಮಾತ್ರ ಅನುಮತಿ ಕೊಟ್ಟರು. ೨೦೧೯ರಲ್ಲಿ ಎಲ್ಲ ಅಪಸ್ಮಾರಗಳೂ, ಸ್ನಾಯುಗಳು ಬಿಗಿಯುವ ನರರೋಗಗಳೂ, ಕೊನೆಯ ಹಂತದ ಅರ್ಬುದವೂ ಸೇರಿದುವು. ೨೦೨೧ರಲ್ಲಿ ಎಲ್ಲ ಹಂತಗಳ ಅರ್ಬುದವೂ, ಯುದ್ಧಾದಿ ಆಘಾತಗಳಿಂದ ಮನಸ್ಸಿಗೆ ತಗಲಿದ ಕಾಯಿಲೆಯೂ ಸೇರಿದುವು. ೨೦೨೫ರಲ್ಲಿ ದೀರ್ಘಕಾಲದ ನೋವೂ ಸೇರಿತು. ಇಂಗ್ಲೆಂಡಿನಲ್ಲಿ ೨೦೧೮ರ ನವೆಂಬರಿನಿಂದ ಪಟ್ಟಿಗೆ ಬದಲಾಗಿ ವೈದ್ಯನನ್ನೇ ಗೊತ್ತುಮಾಡಿದರು. ಅಲ್ಲಿ ವಿಶೇಷ ತಜ್ಞನೆನಿಸಿದವನು ಬರೆದುಕೊಟ್ಟರೆ ಸಾಕು. ೨೦೨೦ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗವು ಈ ಗಿಡವನ್ನು ಅತ್ಯಂತ ಕಠಿನವಾದ ಪಟ್ಟಿಯಿಂದ ತೆಗೆದುಹಾಕಿತು. ಪರವಾಗಿ ೨೭, ವಿರುದ್ಧವಾಗಿ ೨೫ ಮತಗಳು ಬಿದ್ದುವು. ಭಾರತವು ಪರವಾಗಿ ಮತ ಕೊಟ್ಟಿತು.

ವಿಜ್ಞಾನವು ಈ ವಿಷಯದಲ್ಲಿ ಏನು ಹೇಳುವುದೆಂಬುದನ್ನೂ ಸಂಕ್ಷೇಪವಾಗಿ ತಿಳಿಸಬೇಕು. ಮದವನ್ನುಂಟುಮಾಡುವ ಅಂಶವನ್ನು ೧೯೬೪ರಲ್ಲಿ ಇಸ್ರೇಲಿನ ರಫಾಯೆಲ್ ಮೆಷೂಲಮರೂ ಅವರ ಸಹಚರರೂ ಬೇರ್ಪಡಿಸಿ ತೋರಿಸಿದರು. ಮದವಿಲ್ಲದ ಇನ್ನೊಂದು ಅಂಶದಿಂದ ತಯಾರಿಸಿದ ಮದ್ದಿಗೆ, ಮಕ್ಕಳ ಎರಡು ಘೋರವಾದ ಅಪಸ್ಮಾರಗಳಲ್ಲಿ ಬಳಸಲು ೨೦೧೮ರಲ್ಲಿ ಅಮೆರಿಕದ ಔಷಧ ಇಲಾಖೆಯ ಅನುಮತಿಯು ದೊರೆಯಿತು. ಅರ್ಬುದದ ಚಿಕಿತ್ಸೆಯಿಂದ ಬರುವ ವಾಂತಿಯಲ್ಲಿಯೂ, ದೊಡ್ಡವರ ದೀರ್ಘಕಾಲದ ನೋವಿನಲ್ಲಿಯೂ, ಕೆಲವು ನರರೋಗಗಳ ಬಿಗಿತದಲ್ಲಿಯೂ ಗುಣವುಂಟೆಂದು ಅಮೆರಿಕದ ವಿದ್ವತ್ಪರಿಷತ್ತುಗಳು ೨೦೧೭ರಲ್ಲಿ ಅಭಿಪ್ರಾಯಪಟ್ಟುವು. ಆದರೆ ನೋವಿನ ಅಧ್ಯಯನಕ್ಕಾಗಿರುವ ಅಂತರರಾಷ್ಟ್ರೀಯ ಸಂಘದವರು ೨೦೨೧ರಲ್ಲಿ, ನೋವಿಗೆ ಇದನ್ನು ಶಿಫಾರಸು ಮಾಡಲು ಇರುವ ಆಧಾರವು ಸಾಲದೆಂದು ಹೇಳಿದರು. ಎಳೆಯ ವಯಸ್ಸಿನವರಿಗೂ, ಚಿತ್ತವಿಕಾರದ ಪ್ರವೃತ್ತಿಯುಳ್ಳವರಿಗೂ ಇದರಿಂದ ಅಪಾಯವೆಂಬುದರಲ್ಲಿ ವಿವಾದವಿಲ್ಲ. ಕೆಟ್ಟ ಪುಪ್ಪುಸವುಳ್ಳ ನಮ್ಮ ಗಣಿಯ ಮುದುಕರಿಗೆ ಹೊಗೆಯ ರೂಪದಲ್ಲಿ ಇದನ್ನು ಹೇಳುವುದು ವೈದ್ಯವಾಗದು, ದ್ರೋಹವಾದೀತು. ಮದ್ದು ಎಂದರೆ ಬಲವನ್ನು ಅಳೆದು, ಶುದ್ಧಿಯನ್ನು ಪರೀಕ್ಷಿಸಿ, ಬಾಯಿಯ ಮೂಲಕ ಕೊಡತಕ್ಕುದು.

೮

ನಮ್ಮ ರಾಜ್ಯದ ಸ್ಥಿತ್ಯಂತರವು ಹೀಗಿರುವುದು. ಭಂಗಿಯ ಎಲೆಯು ಔಷಧಗಳ ನಿಯಮಗಳಲ್ಲಿ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿದೆ. ಅದನ್ನೊಳಗೊಂಡ ಮದ್ದಿನ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸತಕ್ಕುದೆಂಬ ಎಚ್ಚರಿಕೆಯನ್ನು ಬರೆಯಬೇಕು. ಈ ದಾರಿಯಿಂದಲೇ ೨೦೨೦ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ವಿಜಯಾ ಔಷಧಗಳಿಗೆಂದೇ ಒಂದು ಚಿಕಿತ್ಸಾಲಯವು ತೆರೆಯಿತು. ೨೦೨೨ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ನಟರಾಜನ್ ಅವರು ಒಂದು ಜಾಮೀನಿನ ಅರ್ಜಿಯನ್ನು ತೀರ್ಮಾನಿಸುವಾಗ, ಎಲೆಯಿಂದ ಮಾಡಿದ ಭಂಗಿಯು ೧೯೮೫ರ ಕಾನೂನಿನ ಗಾಂಜಾ ಎಂಬ ಅರ್ಥದೊಳಗೆ ಬರುವುದೆಂದು ತೋರಿಬಂದಿಲ್ಲವೆಂದು ಹೇಳಿದರು. ಈ ನಿರ್ಣಯವೂ ಗಿಡದ ಭಾಗಕ್ಕೆ ಸಂಬಂಧಿಸಿದುದೇ ಹೊರತು ರೋಗಿಗೆ ಸಂಬಂಧಿಸಿದುದಲ್ಲ.

ಇದರ ಫಲವೇನೆಂದರೆ, ಎಲೆಯ ಚೂರ್ಣವನ್ನು ನಗರದಲ್ಲಿರುವ ಅನುಕೂಲವಂತನು ವೈದ್ಯರ ಚೀಟಿಯಿಂದ ಪಡೆಯಬಲ್ಲನು. ಹೂವಿನ ಸಾರದಿಂದ ಮಾಡಿದ, ಬಲವನ್ನು ಅಳೆದ ಆಧುನಿಕ ಔಷಧವು ಯಾವ ರೋಗಿಗೆ ಸಲ್ಲಬೇಕೆಂದು ಹೇಳುವ ರಾಜ್ಯದ ನಿಯಮವು ಮಾತ್ರ ಇಲ್ಲ. ಅರ್ಹರ ಪಟ್ಟಿಯೇ ಇಲ್ಲದೆಡೆಯಲ್ಲಿ ಅದನ್ನು ವಿಸ್ತರಿಸುವ ಮಾತೇ ಹುಟ್ಟದು. ಎಂಟನೆಯ ಪ್ರಕರಣವು ಉದ್ದೇಶವನ್ನು ಒಪ್ಪಿದೆ, ಹತ್ತನೆಯ ಪ್ರಕರಣವು ಅಧಿಕಾರವನ್ನು ಕೊಟ್ಟಿದೆ. ಉಳಿದಿರುವುದು ರೋಗಿಯನ್ನು ಹೆಸರಿಸುವ ಕೆಲಸ.

ಆ ಕೆಲಸವನ್ನು ಅವಸರದಿಂದ ಮಾಡಬೇಕೆಂದು ನಾವು ಹೇಳುವುದಿಲ್ಲ. ಆಧಾರವು ಗಟ್ಟಿಯಾಗಿರುವ ಎರಡು ಮೂರು ಕಾಯಿಲೆಗಳಿಂದ ಮೊದಲಿಡುವುದು ಯುಕ್ತವಾಗಿ ತೋರುವುದು: ಮದ್ದಿಗೆ ಬಗ್ಗದ ಮಕ್ಕಳ ಅಪಸ್ಮಾರ, ಅರ್ಬುದದ ಚಿಕಿತ್ಸೆಯ ವಾಂತಿ, ನರರೋಗದ ಬಿಗಿತ. ಕೊಟ್ಟುದರ ಫಲವನ್ನು, ಒಳ್ಳೆಯದನ್ನೂ ಕೆಟ್ಟುದನ್ನೂ, ವೈದ್ಯರೇ ದಾಖಲೆ ಮಾಡಿ ವರ್ಷಕ್ಕೊಮ್ಮೆ ಪ್ರಕಟಿಸಲಿ. ಆ ಲೆಕ್ಕವನ್ನು ನೋಡಿ ಪಟ್ಟಿಯನ್ನು ಹಿಗ್ಗಿಸಲಿ, ಬೇಕಾದರೆ ಕುಗ್ಗಿಸಲಿ. ಅರ್ಹತೆಯನ್ನು ಜಿಲ್ಲೆಯ ಆಸ್ಪತ್ರೆಯಲ್ಲಿಯೇ ನಿರ್ಣಯಿಸುವ ಏರ್ಪಾಡಿರಲಿ. ಇಲ್ಲವಾದರೆ ಮಾರ್ಫಿನ್ನಿಗೆ ಆದ ಗತಿಯೇ ಇದಕ್ಕೂ ಆದೀತು. ಮಾರ್ಫಿನ್ನೇ ಇನ್ನೂ ತಾಲ್ಲೂಕುಗಳ ರೋಗಿಗೆ ಸುಲಭವಾಗಿ ಎಟುಕದಿರುವಾಗ ಭಂಗಿಯ ಮಾತೇಕೆ ಎಂದು ಕೆಲವರು ಕೇಳಬಹುದು. ಆ ಆಕ್ಷೇಪದಲ್ಲಿ ಹುರುಳಿದೆ. ಮಾರ್ಫಿನ್ನನ್ನು ಹತ್ತಿರಕ್ಕೆ ತರುವುದೇ ಮೊದಲನೆಯ ಕರ್ತವ್ಯ. ಆದರೆ ಎರಡಕ್ಕೂ ಬೇಕಾದುದು ಒಂದೇ ಏರ್ಪಾಡು: ನೋವನ್ನು ವಿಚಾರಿಸಬಲ್ಲ ವೈದ್ಯನು, ನಂಬಬಹುದಾದ ದಾಖಲೆಯು, ಹತ್ತಿರದ ಆಸ್ಪತ್ರೆಯು.

ಚಿನ್ನದ ಗಣಿಯವರು ಕೇಳಿದುದು ದಾನವನ್ನಲ್ಲ. ತಮ್ಮ ಕಾಯಿಲೆಯ ನಿಜವಾದ ಹೆಸರನ್ನು. ಆ ಹೆಸರನ್ನು ಬರೆಯಿಸಿಕೊಳ್ಳಲು ಗಣಿಗಳು ತೆರೆದ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟರೊಳಗೆ ಎಷ್ಟು ಜನರು ಬೇರೆ ಹೆಸರುಗಳ ಕೆಳಗೆ ಮಣ್ಣುಗೂಡಿದರೋ ಹೇಳಬಲ್ಲವರಿಲ್ಲ. ಈ ಮದ್ದಿನ ವಿಷಯದಲ್ಲಿ ಅಷ್ಟು ಕಾಲವು ಹಿಡಿಯದಿರಲೆಂದು ಹಾರೈಸುವುದು ಈ ಸೀಮೆಯವರಿಗೆ ತಕ್ಕುದಾಗಿದೆ.